ಇಲಿ ಬಿದ್ದ ಸುದ್ದಿ

“ಇಲಿ ಬಿತ್ತು” ಎಂಬ ಎರಡು ಪದಗಳಿಗೆ ಒಂದು ಕಾಲದಲ್ಲಿ ಧಾರವಾಡ ಸೀಮೆಯ ಊರುಗಳು ನಡುಗುತ್ತಿದ್ದವು. ಜಂತಿಯಿಂದ ಇಲಿ ತಾನಾಗಿ ಬಿದ್ದು ಸತ್ತರೆ ಜನರು ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೊಂ ಅವರು ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಪಂಡಿತರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಬೇಕಾದವು. ಹಳ್ಳಿಗರು ಕಾರಣವನ್ನರಿಯದಿದ್ದರೂ ಲಕ್ಷಣವನ್ನು ಗುರುತಿಸಿದ್ದರು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗವು ರೈಲುಮಾರ್ಗವನ್ನು ಹಿಡಿದು ದಕ್ಷಿಣಕ್ಕಿಳಿಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಹುಬ್ಬಳ್ಳಿಗೂ ಮೈಸೂರು ಸೀಮೆಯ ಹರಿಹರಕ್ಕೂ ನಡುವಿನ ನಿಲ್ದಾಣಗಳು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದುದೂ ಇದೇ ದಾರಿಯಿಂದ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ಶಂಕಿತರನ್ನು ಬೇರ್ಪಡಿಸಿ ಇರಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಜಾತ್ರೆ, ಯಾತ್ರೆಗಳೂ ನಿರ್ಬಂಧಕ್ಕೆ ಒಳಗಾದವು. ಇದು ಅಕಾರಣವಾದ ಭಯವಲ್ಲ. 1867ರ ಹರಿದ್ವಾರ ಕುಂಭಮೇಳದಿಂದ ಮರಳಿದ ಯಾತ್ರಿಕರೊಡನೆ ಕಾಲರಾ ಉತ್ತರ ಭಾರತವನ್ನೆಲ್ಲ ಸುತ್ತಿತ್ತು. ಆದರೆ ಪುಣೆಯಲ್ಲಿ ಸೈನಿಕರು ಮನೆಯೊಳಗೆ ನುಗ್ಗಿ ರೋಗಿಗಳನ್ನು ಹುಡುಕಿದಾಗ ಜನರು ರೋಗಿಗಳನ್ನು ಬಚ್ಚಿಡುವುದನ್ನು ಕಲಿತರು. 1897ರ ಜೂನ್‌ನಲ್ಲಿ ಅಧಿಕಾರಿ ರ್‍ಯಾಂಡ್ ಗುಂಡೇಟಿಗೆ ಗುರಿಯಾದನು.

ಹುಬ್ಬಳ್ಳಿಯ ಅನುಭವ ಬೇರೆ. 1898ರಲ್ಲಿ ಅಲ್ಲಿ ಹಾಫ್‌ಕಿನ್ ಅವರ ಲಸಿಕೆಯನ್ನು ಮೂವತ್ತು ಸಾವಿರಕ್ಕೂ ಮೀರಿದ ಜನರು ಹಾಕಿಸಿಕೊಂಡರು. ಊರ ಜನರೇ ಸೂಜಿಗೆ ತೋಳೊಡ್ಡಿದ ಈ ಸಂಗತಿಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ತಕ್ಕ ಸ್ಥಾನ ಸಿಕ್ಕಿಲ್ಲ.

ವರ್ತಕ ಸಮಾಜಕ್ಕೆ ಇಲ್ಲೊಂದು ಕಠಿಣ ಪರೀಕ್ಷೆಯಿತ್ತು. ಇಲಿಗಳನ್ನು ಕೊಲ್ಲಬೇಕೆಂಬ ಸರಕಾರದ ಆಗ್ರಹವು ಅಹಿಂಸಾಣುವ್ರತಿಗಳಿಗೆ ನೋವಿನದಾಗಿತ್ತು. ಆದರೆ ತಾನಾಗಿ ಸತ್ತ ಇಲಿಯ ಸುದ್ದಿಯನ್ನು ತಿಳಿಸುವುದರಿಂದ ಯಾವ ವ್ರತಕ್ಕೂ ಭಂಗವಿರಲಿಲ್ಲ. ಭಂಗ ಬರುತ್ತಿದ್ದುದು ವ್ಯಾಪಾರಕ್ಕೆ. ಸುದ್ದಿ ಹೊರಬಿದ್ದರೆ ಗೋದಾಮಿಗೆ ಬೀಗ, ಪೇಟೆಗೆ ದಿಗ್ಬಂಧನ. ಅಹಿಂಸೆಯ ಹೆಸರಿನಲ್ಲಿ ಮೌನವನ್ನು ಸಮರ್ಥಿಸಿಕೊಳ್ಳುವುದು ಸುಲಭ. ಆ ಮೌನದಿಂದ ಸಾಯುವವರು ಪಂಚೇಂದ್ರಿಯ ಜೀವಿಗಳೇ ಎಂಬುದನ್ನು ಮರೆಯುವುದು ಅದಕ್ಕಿಂತ ಸುಲಭ.

ಈ ಪ್ರಶ್ನೆ ಹಳೆಯದಾಗಿಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದ ಕಾರಣಿಕಕ್ಕೂ ಹೊಳೆಯಾಚೆಯ ಮೈಲಾರದ ಜಾತ್ರೆಗೂ ಜನಸಾಗರವೇ ಸೇರುತ್ತದೆ. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ದೇಶದ ಮೂಲೆಮೂಲೆಗಳಿಂದ ಶ್ರಾವಕರು ಬಂದರು. 2004ರಲ್ಲಿ ಆರಂಭವಾದ ರಾಷ್ಟ್ರೀಯ ರೋಗ ಕಣ್ಗಾವಲು ಯೋಜನೆಯು ಆರೋಗ್ಯ ಕೇಂದ್ರಗಳಿಂದ ಜ್ವರ, ವಾಂತಿಭೇದಿಗಳ ಲೆಕ್ಕವನ್ನು ತರಿಸಿಕೊಳ್ಳುತ್ತದೆ. ಆದರೆ ಭೋಜನಶಾಲೆಯಲ್ಲಿ ಉಂಡ ಹತ್ತು ಮಂದಿಗೆ ಹೊಟ್ಟೆ ಕೆಟ್ಟರೆ ಮೊದಲು ತಿಳಿಯುವುದು ಟ್ರಸ್ಟಿನವರಿಗೆ. “ಕ್ಷೇತ್ರದ ಹೆಸರು ಕೆಡುತ್ತದೆ” ಎಂದು ಅವರು ಸುಮ್ಮನಿದ್ದರೆ ಆ ಲೆಕ್ಕದಲ್ಲಿ ಸೊನ್ನೆಯೇ ಬೀಳುತ್ತದೆ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು ಹೇಳಿದೆ. ಅದರೊಡನೆಯೇ ರಹೋಭ್ಯಾಖ್ಯಾನವನ್ನೂ, ಅಂದರೆ ಪರರ ಗುಟ್ಟನ್ನು ಹೊರಗೆಡಹುವುದನ್ನೂ ಹೇಳಿದೆ. ಎರಡನ್ನೂ ಕೂಡಿಸಿ ಓದಿದರೆ ದಾರಿ ತಿಳಿಯಾಗುತ್ತದೆ: ರೋಗದ ಸುದ್ದಿ ವೈದ್ಯಾಧಿಕಾರಿಗೆ ಅಂದೇ ಮುಟ್ಟಬೇಕು, ರೋಗಿಯ ಹೆಸರು ಧ್ವನಿವರ್ಧಕದಲ್ಲಿ ಕೇಳಿಬರಬಾರದು. ಪುಣೆಯಲ್ಲಿ ರೋಗಿಯ ಮರ್ಯಾದೆ ಉಳಿಯದ್ದರಿಂದಲೇ ಸುದ್ದಿಯೂ ಅಡಗಿಹೋಯಿತು.

ನೀರಿನ ವಿಷಯದಲ್ಲಿ ಶ್ರಾವಕರು ಮೊದಲಿನಿಂದಲೂ ಎಚ್ಚರದಿಂದಿದ್ದಾರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಅರ್ಧದಷ್ಟು ತಗ್ಗಿತೆಂದು 2003ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಗಾಳಿಸಿದ ನೀರನ್ನು ಕಾಯಿಸಿಯೂ ಕುಡಿಯುವ ಮನೆಗಳಿಗೆ ಇದು ಹೊಸ ಮಾತಲ್ಲ. ಆದರೆ ಉತ್ಸವದ ದಿನ ಟ್ಯಾಂಕರಿನಿಂದ ತುಂಬಿಸಿದ ತೊಟ್ಟಿಗೆ ಆ ಬಟ್ಟೆ ಸಾಲದು. ಅಲ್ಲಿ ಕ್ಲೋರಿನ್ ಪರೀಕ್ಷೆಯಾಗಬೇಕು, ಅದರ ಫಲಿತಾಂಶವನ್ನು ಜಮಾಖರ್ಚಿನಷ್ಟೇ ನಿಷ್ಠೆಯಿಂದ ದಿನವಹಿಯಲ್ಲಿ ಬರೆದಿಡಬೇಕು.