ಟರಾಂಟುಲ: ಭೀತಿಯಿಂದ ಸಾಕಣೆಯವರೆಗೆ

ಇಂಗ್ಲೆಂಡಿನ ಪ್ರಕೃತಿ ವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್ 1848ರಿಂದ 1859ರವರೆಗೆ ಅಮೆಜಾನ್ ಕಾಡುಗಳಲ್ಲಿ ಅಲೆದು ಕೀಟಗಳನ್ನು ಸಂಗ್ರಹಿಸಿದ. 1863ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಒಂದು ವಿಚಿತ್ರ ದೃಶ್ಯದ ವರ್ಣನೆ ಇದೆ. ಅವನಿಗೆ ಜೀವಿಗಳನ್ನು ಹಿಡಿದು ತಂದುಕೊಡುತ್ತಿದ್ದ ಮೂಲನಿವಾಸಿ ಕುಟುಂಬವೊಂದರ ಮಕ್ಕಳು ದೈತ್ಯ ಜೇಡವೊಂದರ ಸೊಂಟಕ್ಕೆ ದಾರ ಕಟ್ಟಿ, ನಾಯಿಯನ್ನು ನಡೆಸುವಂತೆ ಮನೆಯೊಳಗೆ ನಡೆಸಿಕೊಂಡು ಹೋಗುತ್ತಿದ್ದರಂತೆ! ಅಂಥದೇ ಜೇಡವೊಂದನ್ನು ಕೊಂದು ಎಚ್ಚರಿಕೆಯಿಲ್ಲದೆ ಮುಟ್ಟಿದ ಬೇಟ್ಸ್ ಮಾತ್ರ ಮೂರು ದಿನ ತಾಳಲಾರದ ತುರಿಕೆಯಿಂದ ನರಳಿದ. ಇದು ವಿಷದ ಪರಿಣಾಮವಲ್ಲ, ಜೇಡದ ಮೈಮೇಲಿನ ಗಿಡ್ಡ, ಗಡುಸು ರೋಮಗಳು ಚರ್ಮದ ಸೂಕ್ಷ್ಮ ಗೆರೆಗಳೊಳಗೆ ಹೊಕ್ಕುವುದರಿಂದ ಆಗುವಂಥದ್ದು ಎಂದು ಅವನು ಊಹಿಸಿದ. ಭೌತವಿಜ್ಞಾನ ಓದಿದವರಿಗೆ ಮೆಚ್ಚುಗೆಯಾಗುವ ವಿವರಣೆ ಇದು.

ಒಂದೇ ಬಗೆಯ ಪ್ರಾಣಿ ಮಕ್ಕಳ ಕೈಯಲ್ಲಿ ಸಾಧು, ವಿಜ್ಞಾನಿಯ ಕೈಯಲ್ಲಿ ಉಪದ್ರವಿ. ಹಾಗಾದರೆ ಅದರ ನಿಜವಾದ ಸ್ವಭಾವ ಯಾವುದು?

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ದಕ್ಷಿಣ ಇಟಲಿಯಲ್ಲಿ ಟರಾಂಟೊ ಎಂಬ ಪಟ್ಟಣವಿದೆ. ಅಲ್ಲಿನ ಹೊಲಗಳಲ್ಲಿ ಬಿಲ ತೋಡಿಕೊಂಡು ಬದುಕುವ ಒಂದು ತೋಳಜೇಡಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಅದು ಕಚ್ಚಿದವರು ದಿನಗಟ್ಟಲೆ ಕುಣಿದರೆ ಮಾತ್ರ ಗುಣವಾಗುತ್ತಾರೆಂಬ ನಂಬಿಕೆ ಶತಮಾನಗಳ ಕಾಲ ಉಳಿದಿತ್ತು. 17ನೆಯ ಶತಮಾನದ ಕೊನೆಯಲ್ಲಿ ಜಾರ್ಜಿಯೊ ಬಾಗ್ಲಿವಿ ಎಂಬ ಖ್ಯಾತ ವೈದ್ಯ ಈ ಬಗ್ಗೆ ಒಂದು ಪ್ರಬಂಧವನ್ನೇ ಬರೆದ. ತೋಳಜೇಡದ ವಿಷ ಅಷ್ಟು ಪ್ರಬಲವಲ್ಲ. ಸುಗ್ಗಿಯ ಹೊಲಗಳಲ್ಲಿ ಜನರನ್ನು ನಿಜಕ್ಕೂ ಸಂಕಟಕ್ಕೆ ಗುರಿಮಾಡುತ್ತಿದ್ದುದು ಲ್ಯಾಟ್ರೋಡೆಕ್ಟಸ್ ಕುಲದ ಪುಟ್ಟ ಕಪ್ಪು ಜೇಡ ಇರಬೇಕೆಂದು ಈಗ ಅನೇಕರ ಅಭಿಪ್ರಾಯ. ಯೂರೋಪಿನವರು ಅಮೆರಿಕ ಖಂಡಗಳಿಗೆ ಹೋದಾಗ ಅಲ್ಲಿ ಕಂಡ ಭಾರಿ ಗಾತ್ರದ ರೋಮಭರಿತ ಜೇಡಗಳನ್ನು ಅದೇ ಹೆಸರಿನಿಂದ ಕರೆದರು. ಹೆಸರಿನ ಜೊತೆ ಕೆಟ್ಟ ಖ್ಯಾತಿಯೂ ಹಡಗು ಹತ್ತಿತು. ಇಂದು ನಾವು ಟರಾಂಟುಲ ಎನ್ನುವುದು ಥೆರಫೋಸಿಡೀ ಕುಟುಂಬದ ಜೇಡಗಳಿಗೆ. ಇವುಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ.

ಈ ಖ್ಯಾತಿಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಪ್ರಮುಖ ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ವಿಲಿಯಂ ಬೇರ್ಗ್. 1920ರ ದಶಕದಲ್ಲಿ ಅವನು ಸ್ಥಳೀಯ ಟರಾಂಟುಲಗಳನ್ನು ಸಾಕಿ, ಅವುಗಳಿಂದ ಮೊದಲು ಇಲಿಗಳನ್ನೂ ಬಳಿಕ ತನ್ನನ್ನೇ ಕಚ್ಚಿಸಿಕೊಂಡು ನೋಡಿದ. ಸೂಜಿ ಚುಚ್ಚಿದಷ್ಟೇ ನೋವು! ಕಪ್ಪು ವಿಧವೆ ಎಂಬ ಪುಟ್ಟ ಜೇಡದಿಂದಲೂ ಕಚ್ಚಿಸಿಕೊಂಡಾಗ ಮಾತ್ರ ಆಸ್ಪತ್ರೆ ಸೇರಬೇಕಾಯಿತು. (ಇಂಥ ಪ್ರಯೋಗವನ್ನು ಯಾವ ವಿದ್ಯಾರ್ಥಿಯೂ ಅನುಕರಿಸಬಾರದು.) ಅದು ಲ್ಯಾಟ್ರೋಡೆಕ್ಟಸ್ ಕುಲದ್ದೇ, ಅಂದರೆ ಇಟಲಿಯ ಆ ಕಪ್ಪು ಜೇಡದ ದಾಯಾದಿ. ಬೇರ್ಗ್ ಮಾಡಿದ ಇನ್ನೊಂದು ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ವರ್ಷಗಟ್ಟಲೆ ಜೇಡಗಳನ್ನು ಸಾಕಿ ಅವನು ಅವುಗಳ ಆಯುಷ್ಯವನ್ನು ಅಳೆದ. ಗಂಡು ಪ್ರಾಯಕ್ಕೆ ಬರಲು ಸುಮಾರು ಹತ್ತು ವರ್ಷ ಬೇಕು, ಆಮೇಲೆ ಕೆಲವೇ ತಿಂಗಳು ಬದುಕುತ್ತದೆ. ಹೆಣ್ಣು ಇಪ್ಪತ್ತು ವರ್ಷ ದಾಟುತ್ತದೆ. ಅವನ ಅನುಭವದ ಸಾರ 1958ರಲ್ಲಿ ಪುಸ್ತಕವಾಗಿ ಬಂತು. ಆದರೂ 1962ರಲ್ಲಿ ತೆರೆಕಂಡ ಮೊದಲ ಜೇಮ್ಸ್ ಬಾಂಡ್ ಚಿತ್ರದಲ್ಲಿ ನಾಯಕನ ಹಾಸಿಗೆಯ ಮೇಲೆ ಹರಿದದ್ದು ಟರಾಂಟುಲವೇ!

ಮುಂದಿನ ದಶಕಗಳಲ್ಲಿ ಅಮೆರಿಕ, ಯೂರೋಪುಗಳಲ್ಲಿ ಟರಾಂಟುಲ ಸಾಕುವ ಹವ್ಯಾಸ ಬೆಳೆಯಿತು. ಎಲ್ಲರ ಮೆಚ್ಚಿನದು ಮೆಕ್ಸಿಕೋದ ಕೆಂಪು ಮೊಣಕಾಲಿನ ಜೇಡ. ನಿಧಾನ, ನೋಡಲು ಚೆಂದ, ಕಚ್ಚುವುದು ಅಪರೂಪ. ಈ ಸಾಧುತನವೇ ಅದಕ್ಕೆ ಮುಳುವಾಯಿತು. ಬಿಲಗಳಿಂದ ಅಗೆದು ತೆಗೆದ ಸಾವಿರಾರು ಜೇಡಗಳು ಮಾರಾಟವಾದವು. ಪ್ರಾಯಕ್ಕೆ ಬರಲು ಹಲವು ವರ್ಷ ಬೇಕಾಗುವ ಜೀವಿಗೆ ಈ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ. 1985ರಲ್ಲಿ ಅದನ್ನು ವನ್ಯಜೀವಿ ವ್ಯಾಪಾರ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು.

ಸಾಕುವವರ ಕೈಪಿಡಿಗಳಲ್ಲಿ ಪ್ರತಿ ಪ್ರಭೇದದ ಎದುರಿಗೂ 'ಸಾಧು', 'ಅಂಜುಬುರುಕ', 'ಮುಂಗೋಪಿ' ಎಂಬ ಅರ್ಥದ ಮಾತುಗಳಿರುತ್ತವೆ. ಇವುಗಳನ್ನು ಭೂಪಟದ ಮೇಲೆ ಗುರುತಿಸಿದರೆ ಒಂದು ವಿನ್ಯಾಸ ಕಾಣುತ್ತದೆ. ಅಮೆರಿಕ ಖಂಡಗಳ ಬಹುಪಾಲು ಪ್ರಭೇದಗಳಿಗೆ ಬೇಟ್ಸ್‌ನನ್ನು ಕಾಡಿದ ತುರಿಕೆ ರೋಮಗಳಿವೆ. ಹಿಂಗಾಲಿನಿಂದ ಹೊಟ್ಟೆಯನ್ನು ಉಜ್ಜಿ ಅವುಗಳನ್ನು ಗಾಳಿಗೆ ತೂರಿದರೆ ಸಾಕು, ಶತ್ರು ಹಿಮ್ಮೆಟ್ಟುತ್ತದೆ. ಇದೇನೂ ನಿರಪಾಯವಲ್ಲ. ತೊಟ್ಟಿ ತೊಳೆಯುತ್ತಿದ್ದಾಗ ಸಾಕಿದ ಜೇಡ ತೂರಿದ ರೋಮಗಳು ಬ್ರಿಟನ್ನಿನ ವ್ಯಕ್ತಿಯೊಬ್ಬರ ಕಣ್ಣಿನ ಪಾರದರ್ಶಕ ಪಟಲಕ್ಕೆ ನಾಟಿದ್ದನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ವರದಿ ಮಾಡಿತು. ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾಗಳ ಪ್ರಭೇದಗಳಿಗಾದರೋ ಈ ರೋಮಗಳೇ ಇಲ್ಲ. ಅವುಗಳಿಗೆ ಉಳಿದಿರುವುದು ಓಟ ಮತ್ತು ಕಡಿತ. ನಮ್ಮ ದೇಶದ ಪೊಯಿಸಿಲೋಥೀರಿಯ ಕುಲದ ಮರವಾಸಿ ಜೇಡಗಳ ಕಡಿತದ ಪ್ರಕರಣಗಳನ್ನು 2014ರಲ್ಲಿ ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನರಿಗೆ ತೀವ್ರ ಸ್ನಾಯುಸೆಳೆತ ಬಂದದ್ದು ತಿಳಿಯಿತು. ಪಶ್ಚಿಮಘಟ್ಟದ ಒಂದು ಬಿಲವಾಸಿ ಟರಾಂಟುಲಕ್ಕೆ ಬ್ರಿಟಿಷ್ ಮ್ಯೂಸಿಯಮ್ಮಿನ ಪೋಕಾಕ್ 1899ರಲ್ಲಿ ಇಟ್ಟ ಹೆಸರು 'ಟ್ರುಕುಲೆಂಟಸ್', ಅಂದರೆ ಉಗ್ರ!

ಹೀಗೆ ನೋಡಿದರೆ ನಾವು ಸ್ವಭಾವ ಎನ್ನುವುದು ಬಹುಮಟ್ಟಿಗೆ ಆಯುಧದ ಆಯ್ಕೆ. ಅದರಲ್ಲೂ ಉಷ್ಣತೆಯ ಪಾಲಿದೆ. ಬೇರ್ಗ್‌ನ ನಾಡಿನ ಪ್ರಭೇದವನ್ನೇ ಕ್ಯಾಲಿಫೋರ್ನಿಯಾದ ಸಂಶೋಧಕರು ಬೇರೆ ಬೇರೆ ಉಷ್ಣತೆಗಳಲ್ಲಿ ಓಡಿಸಿ ನೋಡಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. 15 ಡಿಗ್ರಿ ಸೆಲ್ಸಿಯಸ್‌ನಿಂದ 40 ಡಿಗ್ರಿಗೆ ಏರಿಸಿದಾಗ ವೇಗ ಸುಮಾರು ಎರಡೂವರೆ ಪಟ್ಟಾಯಿತು. ಚಳಿಗಾಲದ ಬೆಳಿಗ್ಗೆ 'ಸಾಧು' ಎನಿಸಿದ ಜೇಡ ಬೇಸಿಗೆಯ ಮಧ್ಯಾಹ್ನ 'ಚುರುಕು' ಎನಿಸಿದರೆ ಅದರ ಮನಸ್ಸು ಬದಲಾಗಿದೆ ಎನ್ನಬೇಕಿಲ್ಲ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಚಾಚುವ ಸ್ನಾಯುಗಳಿಲ್ಲ. ಜೆಸಿಬಿ ಯಂತ್ರದ ತೋಳಿನಂತೆ ದ್ರವದ ಒತ್ತಡವೇ ಕಾಲನ್ನು ಚಾಚಿಸುತ್ತದೆ. ಆದ್ದರಿಂದಲೇ ಕೈಯಿಂದ ಜಾರಿ ಬಿದ್ದು ಹೊಟ್ಟೆ ಒಡೆದರೆ ಅದು ಸಾಮಾನ್ಯವಾಗಿ ಬದುಕುವುದಿಲ್ಲ. ಅಂಗೈ ಮೇಲೆ ಸುಮ್ಮನೆ ಕುಳಿತ ಜೇಡ ಪಳಗಿದೆ ಎಂದು ಭಾವಿಸುವವರು ಅದನ್ನು ಇಂಥ ಅಪಾಯಕ್ಕೆ ಒಡ್ಡಿರುತ್ತಾರೆ.

ಮುಂಗೋಪದ ಖ್ಯಾತಿಯೂ ಜೇಡವನ್ನು ಕಾಪಾಡುವುದಿಲ್ಲ. ಇದಕ್ಕೆ ಉದಾಹರಣೆ ನೆರೆಯ ಆಂಧ್ರಪ್ರದೇಶದಲ್ಲೇ ಇದೆ. 1899ರಲ್ಲಿ ಪೋಕಾಕ್ ವಿವರಿಸಿದ ನೀಲಿ ಟರಾಂಟುಲ ಸಿಕ್ಕಿದ್ದು ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ. ಪ್ರಾಯಶಃ ಕಾಡಿನಿಂದ ಮರದ ದಿಮ್ಮಿಯೊಡನೆ ರೈಲಿನಲ್ಲಿ ಬಂದಿರಬೇಕು. ಮತ್ತೆ ಅದು ಕಂಡದ್ದು 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಕಾಡಿನಲ್ಲಿ. 2008ರಲ್ಲಿ ಅದನ್ನು ತೀವ್ರ ಅಳಿವಿನಂಚಿನ ಜೀವಿ ಎಂದು ಗುರುತಿಸಿದಾಗ ಅದರ ನೆಲೆ 100 ಚದರ ಕಿಲೋಮೀಟರಿಗೂ ಕಡಿಮೆ ಎಂದು ಅಂದಾಜಿಸಲಾಗಿತ್ತು. ಅದರ ನೀಲಿ ಬಣ್ಣದ್ರವ್ಯದಿಂದ ಬಂದುದಲ್ಲ, ರೋಮಗಳ ಸೂಕ್ಷ್ಮ ರಚನೆಯಿಂದ ಬೆಳಕು ಪ್ರತಿಫಲಿಸಿ ಮೂಡಿದ್ದು. ಈ ಬಣ್ಣಕ್ಕಾಗಿ ಅದು ಹೊರದೇಶಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿತು. ಪೊಯಿಸಿಲೋಥೀರಿಯ ಕುಲವನ್ನು ಇಡಿಯಾಗಿ ಅದೇ ವ್ಯಾಪಾರ ನಿಯಂತ್ರಣ ಪಟ್ಟಿಗೆ ಸೇರಿಸಿದ್ದು 2019ರಲ್ಲಿ, ಮೆಕ್ಸಿಕೋದ ಜೇಡಕ್ಕಿಂತ 34 ವರ್ಷ ತಡವಾಗಿ.