ಮೇಲ್ಮನೆಯ ಮತ ಎಲ್ಲಿ ಬಿತ್ತು?

ಸ್ವೀಡನ್ ಸಂಸತ್ತಿಗೆ ಎರಡು ಸದನಗಳಿದ್ದ ಕಾಲದ ಸದಸ್ಯರ ಪರಿಚಯ ಸಂಪುಟಗಳಲ್ಲಿ ಕೆರ್ಸ್ಟಿನ್ ಹೆಸೆಲ್‌ಗ್ರೇನ್ ಅವರ ಹೆಸರಿಗೆ ಎರಡು ಅವಧಿಗಳಿವೆ: ಮೇಲ್ಮನೆ 1922–1934, ಕೆಳಮನೆ 1937–1944. ಗೋಥೆನ್‌ಬರ್ಗ್ ನಗರದಿಂದ ಆರಿಸಿ ಬಂದ ಈಕೆ ಆ ಮೇಲ್ಮನೆಯ ಮೊದಲ ಮಹಿಳೆ. ಅದಕ್ಕೂ ಮುಂಚೆ, 1913ರಿಂದ, ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆಗಳನ್ನು ತಪಾಸಣೆ ಮಾಡುತ್ತಿದ್ದ ಸರ್ಕಾರಿ ಇನ್‌ಸ್ಪೆಕ್ಟರ್. ಹನ್ನೆರಡು ವರ್ಷ ಕುಳಿತ ಸದಸ್ಯೆಗೆ ಜನ ಎಷ್ಟು ಮತ ಕೊಟ್ಟಿದ್ದರು ಎಂದು ನೋಡಹೊರಟೆ.

ಜನ ಕೊಟ್ಟ ಮತವೇ ಅಲ್ಲಿಲ್ಲ. 1866ರ ಸುಧಾರಣೆಯಲ್ಲಿ ಹುಟ್ಟಿದ ಆ ಸದನಕ್ಕೆ ಸದಸ್ಯರನ್ನು ಕಳಿಸುತ್ತಿದ್ದುದು ಲ್ಯಾಂಡ್‌ಸ್ಟಿಂಗ್, ಅಂದರೆ ನಮ್ಮ ಜಿಲ್ಲಾ ಪಂಚಾಯತಿಯಂಥ ಸಂಸ್ಥೆ. ಅದರ ವ್ಯಾಪ್ತಿಗೆ ಸೇರದ ದೊಡ್ಡ ಊರುಗಳಲ್ಲಿ ನಗರದ ಪ್ರತಿನಿಧಿಗಳು. ಶುರುವಿನಲ್ಲಿ ಅಭ್ಯರ್ಥಿಗೆ 80,000 ರಿಕ್ಸ್‌ಡಾಲರ್ ಬೆಲೆಯ ಆಸ್ತಿ ಅಥವಾ ವರ್ಷಕ್ಕೆ 4,000 ವರಮಾನ ಇರಲೇಬೇಕಿತ್ತು. ಸಂಬಳ ಮಾತ್ರ ಇಲ್ಲ! ಉಳ್ಳವರ ಮನೆ ಎನ್ನಲು ಬೇರೆ ಸಾಕ್ಷಿ ಬೇಕೆ?

ಹೆಸೆಲ್‌ಗ್ರೇನ್ ಕಾಲಕ್ಕೆ ಸದಸ್ಯತ್ವದ ಅವಧಿ ಎಂಟು ವರ್ಷ. ಕ್ಷೇತ್ರಗಳನ್ನು ಎಂಟು ಗುಂಪು ಮಾಡಿ ವರ್ಷಕ್ಕೊಂದು ಗುಂಪಿಗೆ ಚುನಾವಣೆ. ಹೀಗಾಗಿ ಸಾಮಾನ್ಯವಾಗಿ ಇಡೀ ಮೇಲ್ಮನೆಗೆ ಒಮ್ಮೆಲೇ ಚುನಾವಣೆ ನಡೆಯುತ್ತಿರಲಿಲ್ಲ. ಹಾಲಿ ಸದಸ್ಯರ ಹಣೆಬರಹ ತಿಳಿಯಬೇಕಾದರೆ ಸಂಸತ್ತಿನ ದಾಖಲೆ ಬದಿಗಿಟ್ಟು, ಅದಕ್ಕೆ ಮುಂಚಿನ ಸ್ಥಳೀಯ ಚುನಾವಣೆಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಬಂತೆಂದು ನೋಡಬೇಕು. ಇದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಪಾಲು. ಅಲ್ಲೂ ಮತ ಕೇಳುವವರು ಹೋಗುವುದು ಪಂಚಾಯತಿ ಸದಸ್ಯರ ಮನೆಗೆ, ನಮ್ಮ ನಿಮ್ಮ ಮನೆಗಲ್ಲ.

ಇನ್ನು 1934ಕ್ಕೂ 1937ಕ್ಕೂ ನಡುವಿನ ಖಾಲಿ ಜಾಗ. ಸಂಪುಟದ ಆ ಸಾಲನ್ನಷ್ಟೇ ಓದಿದವರು ಅದನ್ನು ವಿಶ್ರಾಂತಿಯ ಕಾಲ ಅಂದುಕೊಂಡಾರು. ಆಯೋಗಗಳ ಕಡತ ಬೇರೆಯೇ ಹೇಳುತ್ತದೆ. ಆರ್ಥಿಕ ಕುಸಿತದ ಆ ದಿನಗಳಲ್ಲಿ, ಗಂಡ ದುಡಿಯುತ್ತಿದ್ದರೆ ಹೆಂಡತಿಗೇಕೆ ನೌಕರಿ ಎಂಬ ಕೂಗು ಜೋರಾಗಿತ್ತು. 1935ರಲ್ಲಿ ಮಹಿಳೆಯರ ಉದ್ಯೋಗ ಕುರಿತ ಸರ್ಕಾರಿ ಸಮಿತಿಗೆ ಹೆಸೆಲ್‌ಗ್ರೇನ್ ಅಧ್ಯಕ್ಷೆಯಾದರು; ಕಾರ್ಯದರ್ಶಿ ಆಲ್ವಾ ಮಿರ್ಡಾಲ್. ಮುಂದೆ ನಿಶ್ಶಸ್ತ್ರೀಕರಣಕ್ಕಾಗಿ ದುಡಿದು 1982ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮಿರ್ಡಾಲ್ ಇವರೇ.

ಹೆಸೆಲ್‌ಗ್ರೇನ್ ಮತ್ತೆ ಸಂಸತ್ತಿಗೆ ಬಂದದ್ದು ಜನ ನೇರವಾಗಿ ಆರಿಸುವ ಕೆಳಮನೆಗೆ, 1936ರ ಚುನಾವಣೆಯ ನಂತರ. ವಯಸ್ಸು ಆಗಲೇ ಅರವತ್ತು ದಾಟಿತ್ತು. ಮದುವೆಯಾದಳೆಂದೋ ಬಸುರಿಯಾದಳೆಂದೋ ಹೆಣ್ಣನ್ನು ಕೆಲಸದಿಂದ ತೆಗೆಯಬಾರದೆಂಬ ಕಾನೂನು, ಆ ಸಮಿತಿಯ ಕೆಲಸದ ಬೆನ್ನಲ್ಲೇ, 1939ರಲ್ಲಿ ಬಂತು. ನನ್ನ ಮಟ್ಟಿಗೆ, ಆಕೆಯ ರಾಜಕೀಯದ ಅತಿ ದೊಡ್ಡ ಕೆಲಸದ ಬೇರು ಸದನದ ಹೊರಗಿದ್ದ ಆ ವರ್ಷಗಳಲ್ಲೇ ಇದೆ.

ಮೇಲ್ಮನೆಯೇ 1970ರ ಕೊನೆಗೆ ರದ್ದಾಯಿತು. 1971ರಿಂದ ಸ್ವೀಡನ್ನಿಗೆ ಒಂದೇ ಸದನ.