ನಾರ್ವೆಯ ಪಾದ್ರಿಗಳು ಬರೆದಿಟ್ಟ ವಂಶಾವಳಿ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹುಡುಕುತ್ತ ಹೋದರೆ ಎಂಥ ಮಹಾನದಿಯೂ ಕೊನೆಗೆ ಯಾವುದೋ ಬಂಡೆಯ ಸಂದಿಯ ಸಣ್ಣ ಒರತೆಯಾಗಿ ಕಾಣುತ್ತದೆಂಬುದು ಅದರ ತಾತ್ಪರ್ಯವಿರಬಹುದು. ಆದರೆ ತನ್ನ ಮೂಲವನ್ನು ತಿಳಿಯಬೇಕೆಂಬ ಮನುಷ್ಯನ ಹಂಬಲ ಗಾದೆಯಿಂದ ಅಡಗುವಂಥದಲ್ಲ. ಹುಟ್ಟಿದ ನೆಲವನ್ನು ಬಿಟ್ಟು ಕಡಲಾಚೆ ನೆಲಸಿದವರ ಸಂತತಿಯಲ್ಲಿ ಈ ಹಂಬಲ ಇನ್ನೂ ಹೆಚ್ಚು. ಯೂರೋಪಿನ ಉತ್ತರದಂಚಿನ ನಾರ್ವೆ ದೇಶದಿಂದ ಅಮೆರಿಕಕ್ಕೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ತಮ್ಮ ಪೂರ್ವಿಕರನ್ನು ಹುಡುಕಿಕೊಳ್ಳುತ್ತಿರುವ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

೧೮೨೫ನೆಯ ಇಸವಿಯ ಜುಲೈ ತಿಂಗಳ ಮೊದಲಲ್ಲಿ ನಾರ್ವೆಯ ಸ್ಟಾವಂಗರ್ ಬಂದರಿನಿಂದ ‘ರೆಸ್ಟೊರೇಷನ್’ ಎಂಬ ಚಿಕ್ಕ ಹಾಯಿಹಡಗೊಂದು ೫೨ ಜನರನ್ನು ಹೊತ್ತು ಹೊರಟಿತು. ದಾರಿಯಲ್ಲಿ ಒಂದು ಮಗು ಹುಟ್ಟಿತು. ಅಕ್ಟೋಬರ್ ೯ರಂದು ಹಡಗು ನ್ಯೂಯಾರ್ಕನ್ನು ಮುಟ್ಟಿತು. ನಾರ್ವೆಯಿಂದ ಅಮೆರಿಕಕ್ಕೆ ಸಂಘಟಿತವಾಗಿ ನಡೆದ ವಲಸೆಗೆ ಇದೇ ನಾಂದಿ. ಮುಂದಿನ ನೂರು ವರ್ಷಗಳಲ್ಲಿ ೮ ಲಕ್ಷಕ್ಕೂ ಹೆಚ್ಚು ಜನ ಇದೇ ದಾರಿಯನ್ನು ಹಿಡಿದರು. ೧೮೦೧ರ ಜನಗಣತಿಯಲ್ಲಿ ನಾರ್ವೆಯ ಒಟ್ಟು ಜನಸಂಖ್ಯೆಯೇ ಸುಮಾರು ೮ ಲಕ್ಷ ೮೩ ಸಾವಿರವಾಗಿತ್ತೆಂದರೆ ಈ ವಲಸೆಯ ಗಾತ್ರವನ್ನು ನೀವು ಊಹಿಸಬಹುದು. ಬೆಟ್ಟ ಬಂಡೆಗಳ ಆ ದೇಶದಲ್ಲಿ ಉಳಲು ಯೋಗ್ಯವಾದ ನೆಲ ನೂರಕ್ಕೆ ಮೂರರಷ್ಟು ಮಾತ್ರ. ಹಿರಿಯ ಮಗನಿಗೆ ಜಮೀನು ಸಂದರೆ ಕಿರಿಯರಿಗೆ ಉಳಿಯುತ್ತಿದ್ದುದು ಕೂಲಿ, ಇಲ್ಲವೆ ಕಡಲು. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್, ಡಕೋಟ ಪ್ರಾಂತಗಳ ಬಯಲುಗಳು ಅವರನ್ನು ಕರೆದವು.

ಹೋದವರು ಮನೆಮಾತನ್ನು ಒಂದೆರಡು ತಲೆಮಾರು ಉಳಿಸಿಕೊಂಡರು. ಆಮೇಲೆ ಅದೂ ಸವೆಯಿತು. ಮೊಮ್ಮಕ್ಕಳ ಪಾಲಿಗೆ ಉಳಿದದ್ದು ಒಂದು ಹಳೆಯ ಬೈಬಲ್ಲು, ಒಂದು ಸಮಾಧಿಕಲ್ಲು, ಉಚ್ಚಾರಣೆ ಕೆಟ್ಟ ಒಂದು ಊರ ಹೆಸರು, ಇಷ್ಟೆ. ಇಷ್ಟನ್ನೇ ಹಿಡಿದು ಇನ್ನೂರು ಮುನ್ನೂರು ವರ್ಷ ಹಿಂದಕ್ಕೆ ಹೋಗಲು ಸಾಧ್ಯವೆ? ಅನೇಕರಿಗೆ ಸಾಧ್ಯವಾಗಿದೆ. ಅದಕ್ಕೆ ಕಾರಣ ನಾರ್ವೆಯ ಚರ್ಚುಗಳ ದಾಖಲೆ ಪುಸ್ತಕಗಳು.

ಆ ದೇಶದಲ್ಲಿ ಈಗ ಉಳಿದಿರುವ ಚರ್ಚು ಪುಸ್ತಕಗಳಲ್ಲಿ ಅತ್ಯಂತ ಹಳೆಯದು ಆಂಡೆಬು ಎಂಬ ಊರಿನದು. ಅದು ೧೬೨೩ರಿಂದ ಮೊದಲಾಗುತ್ತದೆ. ಆಗ ನಾರ್ವೆ ಡೆನ್ಮಾರ್ಕಿನ ದೊರೆಯ ಆಳ್ವಿಕೆಗೆ ಸೇರಿತ್ತು. ೧೬೮೫ರ ಚರ್ಚು ವಿಧಿಗ್ರಂಥವೂ ೧೬೮೭ರಲ್ಲಿ ಐದನೆಯ ಕ್ರಿಶ್ಚಿಯನ್ ದೊರೆ ಹೊರಡಿಸಿದ ನ್ಯಾಯಸಂಹಿತೆಯೂ ಪ್ರತಿಯೊಬ್ಬ ಪಾದ್ರಿಯೂ ಇಂಥ ಪುಸ್ತಕವನ್ನಿಡಬೇಕೆಂದು ವಿಧಿಸಿದುವು. ಮಗುವಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಈ ಮೂರೂ ಅದರಲ್ಲಿ ಬರೆಯಲ್ಪಟ್ಟವು. ೧೭೩೬ರಲ್ಲಿ ‘ದೃಢೀಕರಣ’ ಎಂಬ ಸಂಸ್ಕಾರವೂ ಕಡ್ಡಾಯವಾಯಿತು. ಹುಡುಗ ಹುಡುಗಿಯರು ಸುಮಾರು ಹದಿನೈದು ಹದಿನಾರನೆಯ ವಯಸ್ಸಿನಲ್ಲಿ ಧರ್ಮಪಾಠವನ್ನು ಕಲಿತು ಪಾದ್ರಿಯೆದುರು ಒಪ್ಪಿಸಬೇಕು, ಒಪ್ಪಿಸದವರಿಗೆ ಮದುವೆಯಿಲ್ಲ. ಪಾಠವನ್ನು ಕಲಿಯಬೇಕಾದರೆ ಓದು ಬರಬೇಕಷ್ಟೆ. ಹೀಗಾಗಿ ೧೭೩೯ರಲ್ಲಿ ಹಳ್ಳಿಶಾಲೆಗಳ ಶಾಸನವೂ ಬಂದಿತು. ೧೮೧೦ರಲ್ಲಿ ಸಿಡುಬಿನ ದೇವಿ ಹಾಕಿಸುವುದು ಕಡ್ಡಾಯವಾದ ಮೇಲೆ ಆ ಲೆಕ್ಕವೂ ಪಾದ್ರಿಯ ಲೇಖನಿಗೇ ಬಂತು. ಪ್ಯಾರಿಷ್, ಎಂದರೆ ಒಬ್ಬ ಪಾದ್ರಿಯ ಆಡಳಿತಕ್ಕೊಳಪಟ್ಟ ಊರುಗಳ ಸಮೂಹ. ಅದರೊಳಕ್ಕೆ ಬಂದವರು ಯಾರು, ಬಿಟ್ಟುಹೋದವರು ಯಾರು ಎಂಬುದನ್ನೂ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆಯತೊಡಗಿದರು.

ಪಾದ್ರಿಯ ಮನೆಗೆ ಬೆಂಕಿ ಬಿದ್ದರೆ ಒಂದು ನಾಡಿನ ನೆನಪೇ ಬೂದಿಯಾಗುತ್ತಿತ್ತು. ಹಾಗೆ ಆದದ್ದೂ ಉಂಟು. ಆದುದರಿಂದ ೧೮೧೨ರಲ್ಲಿ ಒಂದು ವಿವೇಕದ ಕಟ್ಟಳೆ ಹೊರಟಿತು. ಪಾದ್ರಿಯ ಪುಸ್ತಕಕ್ಕೆ ಸರಿಯಾಗಿ ಚರ್ಚಿನ ಗುಮಾಸ್ತನೂ ಇನ್ನೊಂದು ಪ್ರತಿಯನ್ನು ಬರೆಯಬೇಕು. ಎರಡೂ ಒಂದೇ ಸೂರಿನ ಕೆಳಗೆ ಇರಬಾರದು. ಇಂದು ಎಷ್ಟೋ ಮನೆತನಗಳ ಎಳೆ ತುಂಡಾಗದೆ ಉಳಿದಿರುವುದು ಈ ಎರಡನೆಯ ಪ್ರತಿಯ ಪುಣ್ಯದಿಂದ.

ಪುಸ್ತಕವೇನೋ ಇದೆ, ಅದರಲ್ಲಿ ಹೆಸರನ್ನು ಹುಡುಕಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಆ ಕಾಲದ ನಾರ್ವೆಯ ಹಳ್ಳಿಗರಿಗೆ ನಾವು ಇಂದು ತಿಳಿಯುವ ಅರ್ಥದಲ್ಲಿ ಕುಲನಾಮವಿರಲಿಲ್ಲ. ತಂದೆಯ ಹೆಸರಿಗೆ ‘ಸೆನ್’ ಸೇರಿದರೆ ಮಗ, ‘ದಾತ್ತರ್’ ಸೇರಿದರೆ ಮಗಳು. ಈ ಮಾತುಗಳು ಸಂಸ್ಕೃತದ ‘ಸೂನು’, ‘ದುಹಿತೃ’ ಶಬ್ದಗಳ ದೂರದ ಬಂಧುಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾನ್ಸನ ಮಗ ಓಲೆ, ಓಲೆ ಹಾನ್ಸೆನ್ ಆದನು. ಓಲೆಯ ಮಗ ಹಾನ್ಸ್, ಹಾನ್ಸ್ ಓಲ್ಸೆನ್ ಆದನು. ಹೀಗೆ ತಲೆಮಾರಿಗೊಮ್ಮೆ ಕೊನೆಯ ಹೆಸರು ಬದಲಾಗುತ್ತದೆ. ಇದರ ಮೇಲೆ ಅವರು ವಾಸವಾಗಿದ್ದ ಜಮೀನಿನ ಹೆಸರೊಂದು ಸೇರುತ್ತಿತ್ತು. ಅದು ವಂಶದ ಹೆಸರಲ್ಲ, ವಿಳಾಸ. ಜಮೀನನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಆ ಹೆಸರೂ ಬದಲಾಗುತ್ತಿತ್ತು. ಎಲ್ಲರಿಗೂ ಸ್ಥಿರವಾದ ಕುಲನಾಮವಿರಬೇಕೆಂಬ ಕಾನೂನು ನಾರ್ವೆಯಲ್ಲಿ ಬಂದದ್ದು ೧೯೨೩ರಲ್ಲಿ.

ಪ್ರಸಿದ್ಧರಿಬ್ಬರ ದೃಷ್ಟಾಂತವನ್ನು ನೋಡೋಣ. ಅಮೆರಿಕದ ಫುಟ್‌ಬಾಲ್ ತರಬೇತಿಗಾರನಾಗಿ ಹೆಸರಾದ ಕ್ನೂಟ್ ರಾಕ್ನಿ ೧೮೮೮ರ ಮಾರ್ಚ್ ೪ರಂದು ನಾರ್ವೆಯ ವೊಸ್ ಎಂಬಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋದವನು. ಹುಟ್ಟಿದಾಗ ಅವನ ಹೆಸರು ಕ್ನೂಟ್ ಲಾರ್ಸೆನ್ ರೋಕ್ನೆ. ತಂದೆಯ ಹೆಸರು ಲಾರ್ಸ್ ಕ್ನೂಟ್‌ಸನ್. ಎಂದರೆ ಅಜ್ಜನೂ ಕ್ನೂಟನೇ. ಹಿರಿಯ ಮೊಮ್ಮಗನಿಗೆ ತಂದೆಯ ತಂದೆಯ ಹೆಸರಿಡುವುದು ಅಲ್ಲಿಯ ರೂಢಿ. ರೋಕ್ನೆ ಎಂಬುದು ಜಮೀನು. ಇನ್ನೊಬ್ಬನು ೧೯೨೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕಾದಂಬರಿಕಾರ ಕ್ನೂಟ್ ಹಾಮ್ಸುನ್. ೧೮೫೯ರಲ್ಲಿ ಲೋಮ್ ಕಣಿವೆಯಲ್ಲಿ ಹುಟ್ಟಿದಾಗ ಅವನು ಪೇದರನ ಮಗ ಕ್ನೂಡ್ ಪೇದರ್ಸೆನ್. ಕುಟುಂಬವು ಉತ್ತರದ ಹಾಮರೊಯ್ ಎಂಬಲ್ಲಿಗೆ ಹೋಗಿ ಹಾಮ್ಸುಂಡ್ ಎಂಬ ಜಮೀನಿನಲ್ಲಿ ನಿಂತ ಕಾರಣ ಮುಂದೆ ಲೋಕಕ್ಕೆ ಅವನು ಹಾಮ್ಸುನ್ ಆದನು. ಲೋಮ್ ಕಣಿವೆಯ ದೀಕ್ಷಾಸ್ನಾನದ ಪುಟದಲ್ಲಿ ಹಾಮ್ಸುನ್ ಎಂಬ ಹೆಸರನ್ನು ಹುಡುಕುವವನು ಬರಿಗೈಯಲ್ಲಿ ಹಿಂದಿರುಗಬೇಕು.

ಆದುದರಿಂದ ಬಲ್ಲವರು ಹೇಳುವ ಮೊದಲನೆಯ ಪಾಠ ಇದು: ಹೆಸರಿಗಿಂತ ಮುಂಚೆ ನೆಲೆಯನ್ನು ಹುಡುಕು. ಅಮೆರಿಕದಲ್ಲಿ ವಲಸೆಗಾರರೇ ಕಟ್ಟಿಕೊಂಡ ಲೂಥರನ್ ಚರ್ಚುಗಳ ಪುಸ್ತಕಗಳಲ್ಲಿ ಎಷ್ಟೋ ಕಡೆ ಅವರ ಹುಟ್ಟೂರಿನ ಉಲ್ಲೇಖವಿರುತ್ತದೆ. ೧೮೬೭ರಿಂದೀಚೆಗೆ ನಾರ್ವೆಯ ಬಂದರುಗಳಲ್ಲಿ ಪೋಲೀಸರು ವಲಸೆ ಹೋಗುವವರ ಪಟ್ಟಿಯನ್ನು ಬರೆಯತೊಡಗಿದರು. ಅದೂ ನೆರವಿಗೆ ಬರುತ್ತದೆ. ಪ್ಯಾರಿಷ್ ತಿಳಿದರೆ ದೃಢೀಕರಣದ ಪುಟದಿಂದ ದೀಕ್ಷಾಸ್ನಾನದ ಪುಟಕ್ಕೂ ಅಲ್ಲಿಂದ ತಂದೆತಾಯಿಯ ಮದುವೆಯ ಪುಟಕ್ಕೂ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಹೆಸರು, ಜಮೀನು, ವಯಸ್ಸು, ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಂತ ಸಾಕ್ಷಿಗಳು, ಈ ನಾಲ್ಕೂ ಒಂದಕ್ಕೊಂದು ಹೊಂದಬೇಕು.

ಈ ಹೊಂದಾಣಿಕೆಯಲ್ಲಿ ಅವಸರ ಸಲ್ಲದು. ಒಂದೇ ಊರಿನಲ್ಲಿ ಒಂದೇ ವರ್ಷ ಇಬ್ಬರು ಓಲೆ ಹಾನ್ಸೆನ್‌ಗಳು ಹುಟ್ಟಿರಬಹುದು. ಒಂದು ಮಗು ತೀರಿಹೋದರೆ ಅನಂತರದ ಮಗುವಿಗೆ ಅದೇ ಹೆಸರನ್ನಿಡುವ ವಾಡಿಕೆಯಿತ್ತು. ಆದುದರಿಂದ ದೀಕ್ಷಾಸ್ನಾನದ ಪುಟದಲ್ಲಿ ಅಜ್ಜನು ಸಿಕ್ಕಿದನೆಂದು ಹಿಗ್ಗುವ ಮೊದಲು ಶವಸಂಸ್ಕಾರದ ಪುಟವನ್ನೂ ನೋಡಬೇಕು. ಇಲ್ಲದಿದ್ದರೆ ತೊಟ್ಟಿಲಲ್ಲೇ ತೀರಿಕೊಂಡ ಕೂಸನ್ನು ನಮ್ಮ ಮೂಲಪುರುಷನೆಂದು ಬರೆದುಕೊಂಡಂತಾದೀತು. ಒಂದು ಕೊಂಡಿ ತಪ್ಪಿದರೆ ಅದರ ಹಿಂದಿನ ತಲೆಮಾರುಗಳೆಲ್ಲವೂ ಪರರವು.

ಓದುವುದೂ ಸುಲಭವಲ್ಲ. ಹಳೆಯ ಬರಹವೆಲ್ಲ ಗೋಥಿಕ್ ಲಿಪಿಯಲ್ಲಿ, ಡೇನಿಷ್ ಭಾಷೆಯಲ್ಲಿ ಇದೆ. ತಾರೀಖಿಗೆ ಬದಲಾಗಿ ‘ತ್ರಿತ್ವದ ಹಬ್ಬದ ತರುವಾಯದ ಮೂರನೆಯ ಭಾನುವಾರ’ ಎಂಬಂಥ ಒಕ್ಕಣೆ ಬರುತ್ತದೆ. ಈಸ್ಟರ್ ಹಬ್ಬ ವರ್ಷಕ್ಕೊಂದು ದಿನ ಬೀಳುವುದರಿಂದ, ನಮ್ಮ ತಿಥಿಯನ್ನು ತಾರೀಖಿಗೆ ತರಲು ಪಂಚಾಂಗ ಬೇಕಾಗುವಂತೆ ಇದಕ್ಕೂ ಒಂದು ಪಟ್ಟಿ ಬೇಕು. ಅಲ್ಲದೆ ೧೭೦೦ರಲ್ಲಿ ಪಂಚಾಂಗವನ್ನೇ ತಿದ್ದಲಾಯಿತು. ಆ ವರ್ಷ ನಾರ್ವೆಯಲ್ಲಿ ಫೆಬ್ರವರಿ ೧೮ರ ಮರುದಿನವೇ ಮಾರ್ಚ್ ೧.

ಹಿಂದೆ ಇದನ್ನೆಲ್ಲ ನೋಡಬೇಕಾದವರು ಹಡಗು ಹತ್ತಿ ನಾರ್ವೆಯ ದಾಖಲೆಗಳ ಭಂಡಾರಕ್ಕೇ ಹೋಗಬೇಕಾಗಿತ್ತು. ಆಮೇಲೆ ಪುಸ್ತಕಗಳ ಛಾಯಾಚಿತ್ರಗಳನ್ನು ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ತೆಗೆದಿಟ್ಟರು. ೧೯೯೮ರಲ್ಲಿ ಬರ್ಗೆನ್ ನಗರದ ಸರ್ಕಾರಿ ದಾಖಲೆಗಳ ಕಚೇರಿಯೂ ಅಲ್ಲಿಯ ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗವೂ ಕೂಡಿ ‘ಡಿಜಿಟಲ್ ಆರ್ಕೀವ್’ ಎಂಬ ಅಂತರ್ಜಾಲ ಭಂಡಾರವನ್ನು ತೆರೆದುವು. ಈ ಶತಮಾನದಲ್ಲಿ ಚರ್ಚು ಪುಸ್ತಕಗಳ ಪುಟಗಳೇ ಚಿತ್ರರೂಪದಲ್ಲಿ ಅದಕ್ಕೆ ಸೇರಿದುವು. ಡಕೋಟದ ರೈತನೊಬ್ಬನು ತನ್ನ ಮನೆಯಲ್ಲೇ ಕುಳಿತು, ಕಾಸು ಕೊಡದೆ, ೧೭೫೦ರ ಪಾದ್ರಿಯ ಕೈಬರಹವನ್ನು ಇಂದು ನೋಡಬಲ್ಲ. ಬದುಕಿರುವವರ ಮರ್ಯಾದೆಗೆ ಕುಂದು ಬಾರದಂತೆ ಎಚ್ಚರವೂ ಇದೆ. ದೀಕ್ಷಾಸ್ನಾನದ ದಾಖಲೆಗಳು ೬೦ ವರ್ಷ, ಜನಗಣತಿಯ ಪಟ್ಟಿಗಳು ೧೦೦ ವರ್ಷ ಕಳೆದ ಮೇಲೆಯೇ ತೆರೆಯುತ್ತವೆ. ೧೯೨೦ರ ಗಣತಿ ಬೆಳಕಿಗೆ ಬಂದದ್ದು ೨೦೨೦ರ ಡಿಸೆಂಬರ್ ೧ರಂದು. ಹೆಸರುಗಳ ಸೂಚಿಯನ್ನು ಅನೇಕ ಸ್ವಯಂಸೇವಕರು ಶ್ರಮಪಟ್ಟು ತಯಾರಿಸಿದ್ದಾರೆ. ಆದರೂ ಸೂಚಿಯನ್ನು ನಂಬಿ ನಿಲ್ಲದೆ ಮೂಲಪುಟವನ್ನು ಕಣ್ಣಾರೆ ನೋಡುವುದೇ ಲೇಸು. ಪ್ರತಿ ಮಾಡುವವನ ಕೈತಪ್ಪು ತಾಳೆಗರಿಯ ಕಾಲದಿಂದಲೂ ನಮಗೆ ತಿಳಿದದ್ದೇ.

ಇನ್ನು ಈ ಪುಸ್ತಕಗಳಲ್ಲಿ ಕಾಣುವವರು ಎಂಥವರು? ವಂಶವನ್ನು ಹುಡುಕುವವರಲ್ಲಿ ಅನೇಕರ ಒಳಮನಸ್ಸಿನಲ್ಲಿ ಒಬ್ಬ ಕಡಲಗಳ್ಳರ ನಾಯಕನೋ ಒಬ್ಬ ಸಾಮಂತನೋ ಸಿಕ್ಕಾನೆಂಬ ಆಸೆಯಿರುತ್ತದೆ. ಸಾಮಾನ್ಯವಾಗಿ ಸಿಕ್ಕುವವನು ‘ಹುಸ್ಮನ್’. ಒಡೆಯನ ಜಮೀನಿನ ಅಂಚಿನಲ್ಲಿ ಒಂದು ಗುಡಿಸಲು, ಅಂಗೈಯಗಲ ನೆಲ, ಅದಕ್ಕೆ ಬದಲಾಗಿ ಒಡೆಯನಲ್ಲಿ ದುಡಿಮೆ, ಇದು ಅವನ ಬಾಳು. ಅವನಿಗೆ ದಾನಶಾಸನವಿಲ್ಲ, ವೀರಗಲ್ಲಿಲ್ಲ. ಪಾದ್ರಿಯ ಪುಸ್ತಕದ ನಾಲ್ಕು ಸಾಲುಗಳೇ ಅವನ ಚರಿತ್ರೆ.

ಹೆಂಗಸರ ವಿಷಯದಲ್ಲಿ ಪುಸ್ತಕ ಎರಡು ಬಗೆಯಾಗಿ ನಡೆದುಕೊಂಡಿದೆ. ಮದುವೆಯಾದ ಮೇಲೂ ಹಳ್ಳಿಯ ಹೆಂಗಸು ತನ್ನ ತಂದೆಯ ಹೆಸರಿನಿಂದಲೇ ಕಡೆಯವರೆಗೆ ಉಳಿದಳು. ಅದರಿಂದ ತಾಯಿಯ ಕಡೆಯ ಎಳೆಯೂ ನಮಗೆ ದಕ್ಕುತ್ತದೆ. ಆದರೆ ಹದಿನೆಂಟನೆಯ ಶತಮಾನದ ಎಷ್ಟೋ ದೀಕ್ಷಾಸ್ನಾನದ ಪುಟಗಳಲ್ಲಿ ತಂದೆಯ ಹೆಸರುಂಟು, ಸಾಕ್ಷಿಗಳ ಹೆಸರುಂಟು, ಹೆತ್ತವಳ ಹೆಸರೇ ಇಲ್ಲ. ಮದುವೆಯಿಲ್ಲದೆ ಹುಟ್ಟಿದ ಮಗುವಿನ ಪುಟದಲ್ಲಿ ಮಾತ್ರ ಅವಳ ಹೆಸರನ್ನು ತಪ್ಪದೆ ಬರೆದರು, ದೋಷವೆಂದು. ಅಂದು ಲಜ್ಜೆಗೆಂದು ಬರೆದ ಸಾಲು ಇಂದು ಅವಳ ಸಂತತಿಗೆ ದಾರಿದೀಪವಾಗಿದೆ.

ಉತ್ತರದ ಭಾಗದಲ್ಲಿ ಇನ್ನೂ ಆಳವಾದ ಒಂದು ಗಾಯವನ್ನು ಈ ದಾಖಲೆಗಳು ತೋರಿಸುತ್ತವೆ. ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರನ್ನು ಪಾದ್ರಿಗಳೂ ಗಣತಿಯವರೂ ‘ಫಿನ್’ ಅಥವಾ ‘ಲಾಪ್’ ಎಂದು ಗುರುತಿಸಿ ಬರೆದರು. ಇಲ್ಲಿ ‘ಫಿನ್’ ಎಂದರೆ ಫಿನ್‌ಲೆಂಡಿನವನೆಂದು ತಿಳಿಯಬಾರದು. ಅವರಿಗೆ ‘ಕ್ವೇನ್’ ಎಂಬ ಬೇರೆ ಮಾತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಸರ್ಕಾರವು ಈ ಜನರ ಭಾಷೆಯನ್ನು ಶಾಲೆಯಿಂದ ಹೊರಗೆ ಹಾಕಿ ಅವರನ್ನು ನಾರ್ವೇಜಿಯನ್ನರನ್ನಾಗಿ ಮಾಡಲು ಯತ್ನಿಸಿತು. ಎಷ್ಟೋ ಕುಟುಂಬಗಳು ತಮ್ಮ ಮೂಲವನ್ನು ಮಕ್ಕಳಿಂದಲೂ ಮುಚ್ಚಿಟ್ಟವು. ಮುತ್ತಜ್ಜಿಯ ಹೆಸರಿನ ಪಕ್ಕದಲ್ಲಿ ಆ ಒಂದು ಮಾತನ್ನು ಕಂಡು, ತಾವು ಸಾಮಿ ಮೂಲದವರೆಂದು ಮೊದಲ ಬಾರಿಗೆ ಅರಿತವರುಂಟು. ಈ ಅನ್ಯಾಯವನ್ನು ವಿಚಾರಿಸಲು ನಾರ್ವೆಯ ಸಂಸತ್ತು ನೇಮಿಸಿದ ಸತ್ಯ ಮತ್ತು ಸಮಾಧಾನ ಆಯೋಗವು ೨೦೨೩ರ ಜೂನ್ ೧ರಂದು ತನ್ನ ವರದಿಯನ್ನು ಒಪ್ಪಿಸಿತು.

ವಾಚಕರೇ, ಈ ಪಾದ್ರಿಗಳು ನಮ್ಮಂತೆ ಚರಿತ್ರೆಯ ಮೇಲಣ ಪ್ರೀತಿಯಿಂದ ಬರೆದವರಲ್ಲ. ಮೇಲಿನವರ ಆಜ್ಞೆಗೆ, ಕೆಲವು ವೇಳೆ ಬಡವರನ್ನು ಹದ್ದಿನಲ್ಲಿಡುವುದಕ್ಕೆ ಬರೆದರು. ಆದರೂ ಊರು, ದಿನ, ಹೆಸರು ಈ ಮೂರನ್ನು ವಾರವಾರವೂ ಬಿಡದೆ ಬರೆದದ್ದರಿಂದ, ಆಜ್ಞೆ ಮಾಡಿದ ದೊರೆಗಳು ಹೋದ ಮೇಲೂ ಆ ಬರಹ ಬಡವರ ಪಾಲಿಗೆ ಉಳಿಯಿತು. ಮೂಲವನ್ನು ಹುಡುಕುತ್ತ ಹೋದವರಿಗೆ ಅಲ್ಲಿ ಋಷಿ ದೊರೆಯಲಿಲ್ಲ. ಕಲ್ಲುನೆಲದಲ್ಲಿ ಆಲೂಗಡ್ಡೆ ಬೆಳೆದು ಮಕ್ಕಳನ್ನು ಸಾಕಿದ ಒಬ್ಬ ಹುಸ್ಮನ್, ಹೆಸರು ಬಿಟ್ಟುಹೋದ ಒಬ್ಬ ತಾಯಿ, ಹೆಸರು ಮುಚ್ಚಿಕೊಂಡ ಒಬ್ಬ ಅಜ್ಜಿ ದೊರೆತರು. ಅವರನ್ನು ತಮ್ಮವರೆಂದು ಒಪ್ಪಿ, ಇದ್ದದ್ದನ್ನು ಇದ್ದಂತೆ ಬರೆದುಕೊಂಡವರಿಗೆ ಹುಡುಕಾಟದ ಫಲ ದಕ್ಕಿತೆಂದೇ ಹೇಳಬೇಕು.